ನನ್ನ ಮೂಗು, ಗಿರಿಜೆಯ ಮಂಡಿ

ಕಣ್ಣು ಮಂಜಾಗಿದೆ ಎಂದರೆ ಜನ ಕೈಹಿಡಿದು ರಸ್ತೆ ದಾಟಿಸುತ್ತಾರೆ. ಕಿವಿ ಮಂದ ಎಂದರೆ ಅದೇ ಮಾತನ್ನು ಎರಡನೆಯ ಸಲ, ಸ್ವಲ್ಪ ಸಿಟ್ಟಿನಿಂದಲಾದರೂ, ಹೇಳುತ್ತಾರೆ. ಆದರೆ ನನಗೆ ವಾಸನೆ ತಿಳಿಯುವುದಿಲ್ಲ ಎಂದು ಯಾರ ಹತ್ತಿರವಾದರೂ ಹೇಳಿ ನೋಡಿ. ಮೊದಲು ನಗುತ್ತಾರೆ. ಆಮೇಲೆ, "ಒಳ್ಳೇದೇ ಆತು ಬಿಡ್ರಿ, ಗಟಾರದ ಪಕ್ಕ ಆರಾಮಾಗಿ ಓಡಾಡಬಹುದು" ಎಂದು ಸಮಾಧಾನ ಹೇಳುತ್ತಾರೆ. ಹೋದ ವರ್ಷ ವಾರ್ಷಿಕ ಪರೀಕ್ಷೆಯ ದಿನಗಳಲ್ಲಿ ನನಗೊಂದು ಜ್ವರ ಬಂತು. ಐದು ದಿನ ಇದ್ದು ಹೊರಟುಹೋಯಿತು. ಹೋಗುವಾಗ ನನ್ನ ಮೂಗಿನ ಕೆಲಸವನ್ನೂ ಜೊತೆಗೆ ಒಯ್ದಿತು. ಮೂಗು ಇದ್ದಲ್ಲೇ ಇದೆ, ಕನ್ನಡಕ ಈಗಲೂ ಅದರ ಮೇಲೆಯೇ ಕೂರುತ್ತದೆ, ನೆಗಡಿಯಾದರೆ ಸೋರುವುದನ್ನೂ ಮರೆತಿಲ್ಲ. ಆದರೆ ಸಾಂಬಾರಿನ ಒಗ್ಗರಣೆಗೂ ಸೀದುಹೋದ ಹಾಲಿಗೂ ಅದಕ್ಕೆ ವ್ಯತ್ಯಾಸವೇ ತಿಳಿಯದಾಯಿತು. ಈ ಸಂಗತಿಯನ್ನು ನಗದೆ ಕೇಳಿದವರು ದಾವಣಗೆರೆಯಲ್ಲಿ ಒಬ್ಬರೇ. ಪಿ.ಜೆ. ಬಡಾವಣೆಯಲ್ಲಿ ನಮ್ಮ ಮನೆಯಿಂದ ಮೂರನೇ ತಿರುವಿನಲ್ಲಿ ದವಾಖಾನೆ ಇಟ್ಟುಕೊಂಡಿರುವ ಕಿವಿ, ಮೂಗು, ಗಂಟಲಿನ ಡಾಕ್ಟರು. ಅವರು ನಗದಿದ್ದುದಕ್ಕೆ ನನ್ನ ಹಿಂದೆ ಹತ್ತು ಜನ ಕಾಯುತ್ತಿದ್ದದ್ದೂ ಕಾರಣವಿರಬಹುದು.

ನನ್ನ ವೃತ್ತಿಯನ್ನು ಹೇಳಿದರೆ ನನ್ನ ಕಷ್ಟ ನಿಮಗೆ ಇನ್ನಷ್ಟು ಅರ್ಥವಾದೀತು. ಇಪ್ಪತ್ತೆಂಟು ವರ್ಷದಿಂದ ಇಲ್ಲಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದೇನೆ. ಇತಿಹಾಸದ ಮೇಷ್ಟ್ರ ಮೂಗು ಹೋಗಿದ್ದರೆ ಯಾವ ಸಾಮ್ರಾಜ್ಯಕ್ಕೂ ನಷ್ಟವಿರಲಿಲ್ಲ. ನಮ್ಮಲ್ಲಿ ಮೂಗು ಪಾಠದ ಒಂದು ಭಾಗ. ಪ್ರಯೋಗಾಲಯದಲ್ಲಿ ಮಕ್ಕಳಿಗೂ ನನಗೂ ಅತ್ಯಂತ ಪ್ರಿಯವಾದದ್ದು ಎಸ್ಟರ್ ಪರೀಕ್ಷೆ. ಒಂದು ಸಾವಯವ ಆಮ್ಲಕ್ಕೆ ಆಲ್ಕೊಹಾಲ್ ಸೇರಿಸಿ, ಎರಡು ಹನಿ ಗಂಧಕಾಮ್ಲ ಬಿಟ್ಟು, ಗಾಜಿನ ನಳಿಕೆಯನ್ನು ಬಿಸಿನೀರಿನಲ್ಲಿ ಇಟ್ಟರೆ ಎರಡೂ ಒಂದಾಗಿ ಎಸ್ಟರ್ ಆಗುತ್ತದೆ. ಮೂಗಿನ ಹತ್ತಿರ ಹಿಡಿದರೆ ಹಣ್ಣಿನ ಪರಿಮಳ. ಬಾಳೆಹಣ್ಣನ್ನು ಕಂಡೇ ಇರದ ಬಾಳೆಹಣ್ಣಿನ ಪೆಪ್ಪರಮೆಂಟು, ಉಗುರುಬಣ್ಣ ಒರೆಸುವ ದ್ರವ, ಮುದುಕರು ಹೃದಯಕ್ಕೆಂದು ನುಂಗುವ ಮಾತ್ರೆ, ಇಸ್ತ್ರಿ ಕೇಳದ ನನ್ನ ಪಾಲಿಯೆಸ್ಟರ್ ಅಂಗಿ, ಇವೆಲ್ಲದರ ಒಳಗೂ ಈ ಎಸ್ಟರ್ ಗುಂಪು ಕೂತಿದೆ ಎಂದು ನಾನು ಪ್ರತಿವರ್ಷ ಅದೇ ಉತ್ಸಾಹದಿಂದ ಹೇಳುತ್ತೇನೆ. ಸ್ಯಾಲಿಸಿಲಿಕ್ ಆಮ್ಲವನ್ನೂ ಮೀಥೈಲ್ ಆಲ್ಕೊಹಾಲನ್ನೂ ಸೇರಿಸಿದಾಗ ಮಾತ್ರ ಹಣ್ಣಿನ ಬದಲು ಬೇರೆ ವಾಸನೆ ಬರುತ್ತದೆ. ಅದನ್ನು ಮೂಸಿದ ಕೂಡಲೇ ಹಿಂದಿನ ಸಾಲಿನಿಂದ ಯಾರಾದರೂ "ನಮ್ಮಜ್ಜಿ ವಾಸ್ನೆ ಸರ್" ಎನ್ನುತ್ತಾರೆ. ಮಂಡಿಗೆ, ಸೊಂಟಕ್ಕೆ ಹಚ್ಚುವ ನೋವಿನ ಮುಲಾಮಿನ ವಾಸನೆ ಅದು. ಹೆಸರು ಮೀಥೈಲ್ ಸ್ಯಾಲಿಸಿಲೇಟ್.

ಜ್ವರ ಬಂದುಹೋದ ಮೇಲೆ ಜುಲೈ ತಿಂಗಳಲ್ಲಿ ಈ ಪ್ರಯೋಗ ಬಂತು. ಮೂಗು ಹೋದ ಸುದ್ದಿಯನ್ನು ಕಾಲೇಜಿನಲ್ಲಿ ನಾನು ಯಾರಿಗೂ ಹೇಳಿರಲಿಲ್ಲ. ಒಂದೊಂದು ಮೇಜಿನ ಹತ್ತಿರ ಹೋಗಿ, ನಳಿಕೆ ಎತ್ತಿ, ಕಣ್ಣು ಅರ್ಧ ಮುಚ್ಚಿ, ದೇವರ ತೀರ್ಥ ತೆಗೆದುಕೊಂಡವನ ಹಾಗೆ ತಲೆದೂಗಿ, "ಚೆನ್ನಾಗಿ ಬಂದಿದೆ, ಬರೆದುಕೋ" ಎನ್ನುತ್ತ ಸಾಗಿದೆ. ಕೊನೆಯ ಮೇಜಿನ ಹುಡುಗಿಯ ನಳಿಕೆಯನ್ನು ಮೂಸಿ, "ಒಳ್ಳೆ ಪರಿಮಳ, ನಿನ್ನದೇ ಎಲ್ಲರಿಗಿಂತ ಚೆನ್ನಾಗಿದೆ" ಎಂದೆ. ಆಕೆ ಸಂಕೋಚದಿಂದ, "ಸರ್, ಅದು ಬರೀ ನೀರು ಸರ್. ನಾನಿನ್ನೂ ಏನೂ ಹಾಕಿಲ್ಲ" ಎಂದಳು. ನಮ್ಮ ಪ್ರಯೋಗಾಲಯದ ಅಟೆಂಡರ್ ಬಸಣ್ಣ ಆಗ ಬೀರುವಿನ ಬಾಗಿಲು ತೆಗೆದು ಅದರೊಳಗೆ ತಲೆ ತೂರಿಸಿಕೊಂಡ. ನಗುವುದಕ್ಕೆ ಆತ ಬೀರುವನ್ನು ಬಳಸುವುದು ನನಗೆ ಮೊದಲಿನಿಂದಲೂ ಗೊತ್ತು. ನನಗಿಂತ ಎರಡು ವರ್ಷ ದೊಡ್ಡವನು, ಮುಂದಿನ ವರ್ಷ ನಿವೃತ್ತಿ. ಅಂದಿನಿಂದ ನಾನು ಕೇಳದೆಯೇ ಬಸಣ್ಣ ನನ್ನ ಮೂಗಾದ. ನಾನು ನಳಿಕೆ ಎತ್ತಿದರೆ ಆತ ನನ್ನ ಹಿಂದೆ ನಿಂತು ಒಂದು ಸಲ ಕೆಮ್ಮುತ್ತಿದ್ದ. ವಾಸನೆ ಬಂದಿಲ್ಲವಾದರೆ ಎರಡು ಸಲ.

ಡಾಕ್ಟರು ಹೇಳಿದ್ದು ಇಷ್ಟು. "ಬರಬಹುದು, ಬರದೇನೂ ಇರಬಹುದು. ಅವಸರ ಮಾಡಿದ್ರೆ ಏನೂ ಆಗಲ್ರಿ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಲವಂಗ, ನಿಂಬೆಹಣ್ಣು, ನೀಲಗಿರಿ ಎಣ್ಣೆ, ಗುಲಾಬಿ, ಈ ನಾಲ್ಕನ್ನ ಒಂದಾದ ಮೇಲೆ ಒಂದು ಮೂಸ್ರಿ. ಮೂಸುವಾಗ ಆ ವಾಸನೆ ಹೆಂಗಿತ್ತು ಅಂತ ಮನಸ್ಸಿನಾಗೆ ನೆನಪು ಮಾಡ್ಕೋಬೇಕು. ಅದೇ ಮುಖ್ಯ." ಔಷಧಿ ಎಂದು ಅವರು ಬರೆದುಕೊಟ್ಟದ್ದು ನೆನಪನ್ನು. ಅದನ್ನು ನಾನು ದಿನಕ್ಕೆರಡು ಹೊತ್ತು ತಪ್ಪದೆ ತೆಗೆದುಕೊಂಡೆ. ಆದರೆ ನೆನಪಿಗೆ ಅಂಕೆ ಎಲ್ಲಿಯದು. ಲವಂಗ ಮೂಸುತ್ತ ಕೂತರೆ ಲವಂಗ ಬರುತ್ತಿರಲಿಲ್ಲ. ಕಾವಲಿಯ ಮೇಲೆ ಬೆಣ್ಣೆ ಕರಗುತ್ತಿರುವ ದೋಸೆ ಹೋಟೆಲಿನ ಬಾಗಿಲು ಬರುತ್ತಿತ್ತು. ನಿಂಬೆಹಣ್ಣು ಹಿಡಿದರೆ ಹತ್ತಿ ಗಿರಣಿಯಿಂದ ಪಾಳಿ ಮುಗಿಸಿ ಬರುತ್ತಿದ್ದ ನಮ್ಮಪ್ಪ ಬರುತ್ತಿದ್ದ. ತಲೆಗೂದಲಲ್ಲಿ ಹತ್ತಿಯ ಎಳೆ, ಅಂಗಿಯಲ್ಲಿ ಯಂತ್ರದ ಎಣ್ಣೆ, ಕಿಸೆಯಲ್ಲಿ ಕಾಗದಕ್ಕೆ ಕಟ್ಟಿದ ಬಿಸಿ ಮೆಣಸಿನಕಾಯಿ ಬಜ್ಜಿ. ಆ ಮೂರು ಒಟ್ಟಿಗೆ ಸೇರಿ ಒಂದು ವಾಸನೆ ಇತ್ತು. ಇತ್ತು ಎಂಬುದು ನೆನಪಿದೆ, ಹೇಗಿತ್ತು ಎಂಬುದು ಎಷ್ಟು ಕಣ್ಣು ಮುಚ್ಚಿದರೂ ಬರಲಿಲ್ಲ. ಮುಖ ನೆನಪಾಗಿ ಹೆಸರು ನೆನಪಾಗದಿದ್ದರೆ ಆಗುವ ಸಂಕಟ ಎಲ್ಲರಿಗೂ ಗೊತ್ತು. ಇದು ಅದಕ್ಕಿಂತ ಒಂದು ಹಿಡಿ ಹೆಚ್ಚು.

ಸೆಪ್ಟೆಂಬರಿನ ಒಂದು ಸಂಜೆ ಪ್ರಯೋಗಾಲಯಕ್ಕೆ ಬೀಗ ಹಾಕುವಾಗ ಬಸಣ್ಣ, "ಸರ್, ಒಂದ್ ಮಾತು ಕೇಳ್ತೀನಿ, ಬ್ಯಾಸರ ಮಾಡ್ಕಬ್ಯಾಡ್ರಿ" ಎಂದ. ಕೇಳು ಎಂದೆ. "ಮೈಕೈ ನೋವು ಭಾಳ ಐತೇನ್ರಿ?" ನನಗೆ ಯಾವ ನೋವೂ ಇಲ್ಲ ಎಂದೆ. ಆತ ಬೀಗವನ್ನು ಎರಡು ಸಲ ಎಳೆದು ನೋಡಿ, "ಮತ್ತೆ ದಿನಾ ಬೆಳಿಗ್ಗೆ ನೋವಿನ ಮುಲಾಮಿನ ಘಮಲು ಹೊಡೀತಿರ್ತೀರಲ್ಲ ಸರ್. ನೀವು ಮೆಟ್ಲು ಹತ್ತಾಕೆ ಶುರು ಮಾಡಿದ್ರೆ ಸಾಕು, ನಂಗೆ ಮ್ಯಾಲೇ ಗೊತ್ತಾಗ್ತೈತೆ. ಮೂರು ತಿಂಗಳಾತು" ಎಂದ. ಆಗ ನನಗೆ ಒಂದೊಂದಾಗಿ ಅರ್ಥವಾಗತೊಡಗಿತು. ಸ್ಟಾಫ್ ರೂಮಿನಲ್ಲಿ ಭೌತಶಾಸ್ತ್ರದವರು ಮೂರು ತಿಂಗಳಿನಿಂದ ಮೆತ್ತೆಯ ಕುರ್ಚಿಯನ್ನು ನನಗೆ ಬಿಟ್ಟುಕೊಡುತ್ತಿದ್ದರು. ಪ್ರಿನ್ಸಿಪಾಲರು ನನ್ನನ್ನು ನಿಂತು ಮಾಡುವ ಪರೀಕ್ಷೆಯ ಕಾವಲಿನಿಂದ ತಪ್ಪಿಸಿದ್ದರು. ನಾನು ಇವೆಲ್ಲ ನನ್ನ ಹಿರಿತನಕ್ಕೆ, ತಕ್ಕಮಟ್ಟಿಗೆ ನನ್ನ ಪಾಂಡಿತ್ಯಕ್ಕೂ, ಸಲ್ಲುತ್ತಿರುವ ಗೌರವ ಎಂದುಕೊಂಡು ಗಂಭೀರವಾಗಿ ಸ್ವೀಕರಿಸಿದ್ದೆ.

ಈಗ ಗಿರಿಜೆಯ ವಿಷಯ ಹೇಳಬೇಕು. ಗಿರಿಜೆ ನನ್ನ ಹೆಂಡತಿ. ಹರಿಹರದವಳು, ಹರಿಹರದಲ್ಲೇ ಪ್ರಾಥಮಿಕ ಶಾಲೆಯ ಮೇಡಂ. ದಿನವೂ ದಾವಣಗೆರೆಯಿಂದ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಬಸ್ಸಿನಲ್ಲಿ ನಿಲ್ಲುವುದು, ತರಗತಿಯಲ್ಲಿ ನಿಲ್ಲುವುದು, ಮತ್ತೆ ಬಸ್ಸಿನಲ್ಲಿ ನಿಲ್ಲುವುದು ಎಂದು ಅವಳ ನೌಕರಿಯನ್ನು ಮೂರು ಮಾತಿನಲ್ಲಿ ಹೇಳಿಬಿಡಬಹುದು. ಅವಳ ಮಂಡಿನೋವು ನಮ್ಮ ಮದುವೆಗಿಂತ ಎರಡೇ ವರ್ಷ ಚಿಕ್ಕದು. ಆ ದಿನ ನಾನು ಮನೆಗೆ ಬಂದಾಗ ಅವಳು ಹಾಸಿಗೆಯ ಅಂಚಿಗೆ ಕೂತು, ಎಂದಿನಂತೆ ಒಂದು ಸಣ್ಣ ಸ್ಟೀಲಿನ ಡಬ್ಬಿ ಪಕ್ಕದಲ್ಲಿಟ್ಟುಕೊಂಡು ಕಾಲು ತಿಕ್ಕಿಕೊಳ್ಳುತ್ತಿದ್ದಳು. ಹಿಂದೊಮ್ಮೆ ಅದೇನೆಂದು ಕೇಳಿದ್ದಾಗ ಹರಳೆಣ್ಣೆ ಎಂದಿದ್ದಳು. ನಾನು ನಂಬಿ ದಿನಪತ್ರಿಕೆಗೆ ಮರಳಿದ್ದೆ.

"ಬಸಣ್ಣ ಹೇಳಿದ," ಎಂದೆ.

ಅವಳು ಕೈ ನಿಲ್ಲಿಸಲಿಲ್ಲ. "ಏನಂತ?"

"ಅದು ಹರಳೆಣ್ಣೆ ಅಲ್ಲ ಅಂತ."

"ಬಸಣ್ಣನ ಮೂಗು ಚುರುಕು," ಎಂದಳು. ಸಿಕ್ಕಿಬಿದ್ದವಳ ಗಾಬರಿ ಅವಳ ದನಿಯಲ್ಲಿ ಇರಲಿಲ್ಲ. "ಜೂನ್ ತಿಂಗಳಾಗೆ ಒಂದಿನ ನೀವು ಪೇಪರ್ ಓದ್ತಾ ಕುಂತಿದ್ರಿ. ನಿಮ್ಮ ಮೂಗು ಖರೇವಂದ್ರೂ ಹೋಗೈತೋ ಇಲ್ಲೋ ನೋಡಾನ ಅಂತ ಮುಲಾಮಿನ ಡಬ್ಬಿ ಬಿಚ್ಚಿ ನಿಮ್ಮ ಕಿವಿ ಹತ್ರ ಹಿಡಿದೆ. ನೀವು ಪುಟ ತಿರುವಿದ್ರಿ. ಅವತ್ತು ಸಂಜಿಗೇ ಹಚ್ಕಂಡೆ."

"ಅದಕ್ಕೆ ಮುಂಚೆ?"

"ಮನ್ಯಾಗೆ ಹಚ್ತಿರ್ಲಿಲ್ಲ."

"ಎಷ್ಟು ದಿನದಿಂದ?"

"ದಿನದ ಲೆಕ್ಕ ಅಲ್ರಿ. ಏಳು ವರ್ಷ."

ಆಮೇಲೆ ಅವಳು ಹೇಳಿದ್ದನ್ನು ನಾನು ನಿಂತೇ ಕೇಳಿದೆ. ಏಳು ವರ್ಷದ ಹಿಂದೆ ಒಂದು ಭಾನುವಾರ ನಮ್ಮ ಕಾಲೇಜಿನವರನ್ನೆಲ್ಲ ಊಟಕ್ಕೆ ಕರೆದಿದ್ದೆ. ಬೆಳಗಿನಿಂದ ಹೋಳಿಗೆ ಲಟ್ಟಿಸಿ ಅವಳ ಕಾಲು ಹಿಡಿದುಕೊಂಡಿತ್ತು, ಮುಲಾಮು ಹಚ್ಚಿಕೊಂಡಿದ್ದಳು. ಬಂದವರಲ್ಲಿ ಯಾರೋ ಮೂಗು ಅರಳಿಸಿದರಂತೆ. ನಾನು ಬಾಗಿಲಲ್ಲಿ ನಿಂತು, "ಬರ್ರಿ ಬರ್ರಿ. ಇದು ಮನೆ ಅಲ್ಲ, ಮೂಳೆ ಡಾಕ್ಟರ ದವಾಖಾನೆ. ಒಬ್ಬೊಬ್ಬರೇ ಚೀಟಿ ಮಾಡಿಸಿಕೊಂಡು ಒಳಗೆ ಬರ್ರಿ" ಎಂದೆನಂತೆ. ಅಂತೆ ಎಂದು ಬರೆಯುತ್ತಿದ್ದೇನೆ, ಅದು ಸುಳ್ಳು ವಿನಯ. ಆ ಮಾತು ನನಗೆ ಚೆನ್ನಾಗಿ ನೆನಪಿತ್ತು. ಎಲ್ಲರೂ ನಕ್ಕಿದ್ದರು. ಒಳ್ಳೆಯ ಮಾತು ಹೊಳೆಯಿತಲ್ಲ ಎಂಬ ಸಂತೋಷಕ್ಕೆ ಆಮೇಲೆ ಇನ್ನೂ ಎರಡು ಮನೆಗಳಲ್ಲಿ ಅದನ್ನು ಹೇಳಿ ನಗಿಸಿದ್ದೆ. ಹೋಳಿಗೆ ಬಡಿಸುತ್ತಿದ್ದ ಗಿರಿಜೆಯೂ ಅಂದು ನಕ್ಕಿದ್ದಳು. ಹಾಗಾಗಿ ನನ್ನ ಲೆಕ್ಕದಲ್ಲಿ ಆ ಪ್ರಸಂಗ ಅಲ್ಲಿಗೆ ಮುಗಿದಿತ್ತು.

"ಮತ್ತೆ ನೋವು?" ಎಂದು ಕೇಳಿದೆ.

"ಸಾಲ್ಯಾಗೆ ಕೊನೇ ಬೆಲ್ ಹೊಡೆದ್ಮ್ಯಾಲೆ ಹುಡುಗ್ರು ಹೋಗಾತಂಕ ಕಾದು, ಅಲ್ಲೇ ಹಚ್ಕಂತಿದ್ದೆ. ಅರ್ಧ ತಾಸು ಕುಂತು, ನಲ್ಲಿ ನೀರಾಗೆ ಕಾಲು ತೊಳ್ಕಂಡು ಬಸ್ ಹತ್ತುತಿದ್ದೆ. ಮನಿಗೆ ಬರಾಹೊತ್ತಿಗೆ ವಾಸ್ನೆ ಹೋಗಿರ್ತಿತ್ತು." ಮಂಡಿ ತಿಕ್ಕುತ್ತಲೇ, "ಮುಲಾಮಿನ ಗುಣಾನೂ ಹೋಗಿರ್ತಿತ್ತು ಅನ್ರಿ," ಎಂದಳು.

ಆ ಏಳು ವರ್ಷವೂ ನಾನು ಏನು ಮಾಡುತ್ತಿದ್ದೆ ಎಂದು ನೆನೆದರೆ ನನಗೆ ಮೈ ಹಿಡಿಯಾಗುತ್ತದೆ. ಗಿರಿಜೆಯ ಮಂಡಿ ವಾಸಿಯಾಗಿದೆ ಎಂದು ತಿಳಿದಿದ್ದೆ. ತಿಳಿದದ್ದಷ್ಟೇ ಅಲ್ಲ, ನಂಟರ ಮದುವೆ ಮುಂಜಿಗಳಲ್ಲಿ ಮಂಡಿನೋವಿನ ಮಾತು ಬಂದಾಗಲೆಲ್ಲ, "ನಮ್ಮನೆಯವಳದನ್ನ ಬರೀ ವಾಕಿಂಗ್ ಮಾಡಿಸಿ ಗುಣ ಮಾಡಿದೆ" ಎಂದು ಹೇಳಿಕೊಳ್ಳುತ್ತಿದ್ದೆ. ಅದನ್ನು ಕೇಳಿ ದಾವಣಗೆರೆಯ ಎಷ್ಟು ಮಂದಿ ಹೆಂಗಸರು ಬೆಳಿಗ್ಗೆ ಎದ್ದು ನಡೆದಿದ್ದಾರೋ, ಅವರ ಕ್ಷಮೆಯನ್ನೂ ಇಲ್ಲೇ ಕೇಳಿಬಿಡುತ್ತೇನೆ.

ಅಂದಿನಿಂದ ನನ್ನ ಅಭ್ಯಾಸದ ನಾಲ್ಕು ವಾಸನೆಗಳಲ್ಲಿ ಗುಲಾಬಿಯನ್ನು ಬಿಟ್ಟು ಗಿರಿಜೆಯ ಡಬ್ಬಿಯನ್ನು ಇಟ್ಟುಕೊಂಡೆ. ಡಾಕ್ಟರು ಹೇಳಿದಂತೆ ಹೇಗಿತ್ತು ಎಂದು ನೆನೆಯುತ್ತ ಹೋದರೆ ಮದುವೆಯಾದ ಮೊದಲ ಕೆಲವು ವರ್ಷ ನಾವಿದ್ದ ಹರಿಹರದ ಬಾಡಿಗೆ ಮನೆ ಬರುತ್ತಿತ್ತು. ಸ್ಟೇಷನ್ನಿನ ಹಿಂದಿನ ಬೀದಿ, ಒಂದೇ ಕೋಣೆ. ಆಗ ರೈಲಿನಲ್ಲಿ ಓಡಾಡುತ್ತಿದ್ದವನು ನಾನು. ಸಂಜೆ ರೈಲಿಳಿದು, ಆ ಬೀದಿಗೆ ತಿರುಗಿ, ನಮ್ಮ ಮೆಟ್ಟಿಲ ಮೇಲೆ ಕಾಲಿಟ್ಟರೆ ಮುಲಾಮಿನ ವಾಸನೆ ಬಾಗಿಲ ಸಂದಿಯಿಂದ ಬರುತ್ತಿತ್ತು. ಬಂದರೆ ಗಿರಿಜೆ ಶಾಲೆಯಿಂದ ಬಂದಿದ್ದಾಳೆ, ಒಲೆ ಮೇಲೆ ಚಹಾ ಇದೆ. ಬರದಿದ್ದರೆ ತವರಿಗೆ ಹೋಗಿದ್ದಾಳೆ, ಬೀಗದ ಕೈ ಪಕ್ಕದ ಮನೆಯಲ್ಲಿದೆ. ಬೀಗ ಕಣ್ಣಿಗೆ ಬೀಳುವ ಮೊದಲೇ ನನ್ನ ಮೂಗಿಗೆ ಈ ಸಮಾಚಾರ ತಲುಪಿಬಿಡುತ್ತಿತ್ತು, ವಾಸನೆ ಇಲ್ಲದ ದಿನ ಮೆಟ್ಟಿಲ ಮೇಲೇ ಒಂದು ಗಳಿಗೆ ಕೂತುಬಿಡುತ್ತಿದ್ದೆ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ನಾನು ಯಾವುದನ್ನು ಆಡಿಕೊಂಡು ಮನೆಯಿಂದ ಹೊರಗಟ್ಟಿದೆನೋ ಅದರ ಬೆನ್ನಿಗೇ ನನ್ನ ಒಳ್ಳೆಯ ದಿನಗಳೆಲ್ಲ ಇದ್ದವು ಎಂದು, ವಾಸನೆಯೇ ಇಲ್ಲದ ಡಬ್ಬಿಯೊಂದನ್ನು ಮೂಗಿಗೆ ಹಿಡಿದು ಕೂತಾಗ ಹೊಳೆಯಿತು. ಈಗ ಅದು ನನ್ನ ಅಂಗಿಯಲ್ಲಿದೆ, ಹೊದಿಕೆಯಲ್ಲಿದೆ, ಸ್ಟಾಫ್ ರೂಮಿನವರಿಗೆಲ್ಲ ಸಿಗುತ್ತಿದೆ, ನನಗೊಬ್ಬನಿಗೆ ಸಿಗುತ್ತಿಲ್ಲ.

ದಸರಾ ರಜೆಯಲ್ಲಿ ನಾನೊಂದು ಕೆಲಸ ಮಾಡಿದೆ. ಅಂಗಡಿಯ ಮುಲಾಮಿನಲ್ಲಿ ಈ ಎಸ್ಟರ್ ಇರುವುದು ಸ್ವಲ್ಪವೇ, ಉಳಿದದ್ದು ಮೇಣ, ಕರ್ಪೂರ, ಪುದೀನದ ಸತ್ತ್ವ. ಶುದ್ಧ ಮೀಥೈಲ್ ಸ್ಯಾಲಿಸಿಲೇಟನ್ನೇ ತಯಾರಿಸಿ ಮೂಸಿದರೆ ಈ ಹಟಮಾರಿ ಮೂಗು ಎಚ್ಚರವಾದೀತು ಎಂಬುದು ನನ್ನ ತರ್ಕ. ಖಾಲಿ ಪ್ರಯೋಗಾಲಯದಲ್ಲಿ ನಾನೂ ಬಸಣ್ಣನೂ ಕೂತು, ಆಮ್ಲ ಅಳೆದು, ಗಂಧಕಾಮ್ಲ ಹನಿಸಿ, ಒಂದು ಗಂಟೆ ಬಿಸಿ ಮಾಡಿ, ನೀರಿಗೆ ಸುರಿದೆವು. ತಳದಲ್ಲಿ ಎಣ್ಣೆಯ ಹನಿಗಳು ಕಂಡವು. ಬಸಣ್ಣ ಎರಡು ಹೆಜ್ಜೆ ಹಿಂದೆ ಸರಿದು, "ಬಂತು ಸರ್. ಉಕ್ಕಡಗಾತ್ರಿ ಬಸ್ಸಿನಾಗೆ ಹತ್ತು ಮಂದಿ ಅಜ್ಜೇರು ಒಮ್ಮೆಗೇ ಹತ್ತಿದಂಗಾತು" ಎಂದ. ನಾನು ಬಗ್ಗಿ ಮೂಸಿದೆ. ಕಣ್ಣಲ್ಲಿ ನೀರು ಬಂತು, ಗಂಟಲು ಉರಿಯಿತು. ವಾಸನೆ ಮಾತ್ರ ಇಲ್ಲ. ಮತ್ತೆ ಮೂಸಿದೆ. ಬಸಣ್ಣ ನನ್ನ ಮುಖ ನೋಡಿ, ತಾನೇ ಗಾಜಿನ ಪಾತ್ರೆಯನ್ನು ದೂರ ಇಟ್ಟು, "ಸಾಕು ಬಿಡ್ರಿ ಸರ್" ಎಂದ. ಆ ದಿನ ಆತ ಬೀರುವಿನ ಬಾಗಿಲು ತೆಗೆಯಲಿಲ್ಲ. ಪುಟ್ಟ ಸೀಸೆಯಲ್ಲಿ ನಾಲ್ಕು ಹನಿ ತೆಗೆದುಕೊಂಡು ಹೋಗಿ ಗಿರಿಜೆಗೆ ಕೊಟ್ಟೆ. ಹೆಂಡತಿಗೆ ಸ್ವಂತ ಕೈಯಿಂದ ಏನಾದರೂ ಮಾಡಿಕೊಟ್ಟದ್ದು ಅದೇ ಮೊದಲು. ಅವಳು ಬೆಳಕಿಗೆ ಹಿಡಿದು ನೋಡಿ, "ಇದನ್ನ ಹಂಗೇ ಹಚ್ಚಿದ್ರೆ ಚರ್ಮ ಸುಡ್ತೈತೆ ಅಂತ ನೀವೇ ಅಲ್ರಿ ಪಾಠ ಮಾಡೋದು" ಎಂದು ಗಟ್ಟಿಯಾಗಿ ಬಿರಡೆ ತಿರುಗಿಸಿ, ನಾಳೆಯೇ ಪ್ರಯೋಗಾಲಯಕ್ಕೆ ವಾಪಸು ಒಯ್ಯುವಂತೆ ನನ್ನ ಚೀಲಕ್ಕೆ ಹಾಕಿದಳು.

ಹರಿಹರದಲ್ಲಿರುವ ನಮ್ಮ ಅತ್ತೆಗೆ ಈ ಸುದ್ದಿ ಮುಟ್ಟಿದ್ದು ಆಮೇಲೆ. ಗಿರಿಜೆಯ ತಾಯಿ ಅವರು, ಎಂಬತ್ತರ ಹತ್ತಿರ. ಡಾಕ್ಟರ ಲವಂಗ, ನಿಂಬೆಹಣ್ಣು ಎಲ್ಲವನ್ನೂ ಕೇಳಿಸಿಕೊಂಡು, "ಅವನ್ನ ಸಾರಿಗೆ ಹಾಕ್ಕಳ್ರಿ. ಒಂದು ಅಮಾಸೆಗೆ ಉಕ್ಕಡಗಾತ್ರಿಗೆ ಹೋಗಿ ಅಜ್ಜಯ್ಯಗೆ ಕೈ ಮುಗುದು ಬರ್ರಿ" ಎಂದರು. ನಾನು ವಿಜ್ಞಾನದ ಮೇಷ್ಟ್ರು ಎಂದು ಹೇಳಲು ಬಾಯಿ ತೆರೆದೆ. "ವಿಜ್ಞಾನಕ್ಕೆ ಆರು ತಿಂಗಳು ಕೊಟ್ಟೀರಲ್ಲ, ಅಜ್ಜಯ್ಯಗೆ ಒಂದಿನ ಕೊಡ್ರಿ" ಎಂದರು. ಹಾಗೆ ಗಿರಿಜೆಯೂ ನಾನೂ ನವೆಂಬರಿನ ಅಮಾವಾಸ್ಯೆಗೆ ಹೊಳೆದಂಡೆಯ ಅಜ್ಜಯ್ಯನ ಗದ್ದುಗೆಗೆ ಹೋದೆವು. ತುಂಗಭದ್ರೆಯಲ್ಲಿ ಮುಳುಗಿ ಎದ್ದೆ. ಹೊಳೆಯ ಪಾಚಿ, ಹಿಂಡಿ ಹರವಿದ ಒದ್ದೆ ಬಟ್ಟೆ, ಉರಿಯುವ ಕರ್ಪೂರ, ಮಂಡಕ್ಕಿಯ ಅಂಗಡಿಗಳ ಸಾಲು, ಹೂವು, ವಿಭೂತಿ, ಸಾವಿರ ಜನರ ಬೆವರು. ಎಲ್ಲ ಕಣ್ಣಿಗೆ ಕಾಣುತ್ತಿತ್ತು, ಗಾಜಿನ ಆಚೆ ನಡೆಯುತ್ತಿರುವ ಹಾಗೆ. ಗದ್ದುಗೆಯ ಮುಂದೆ ನಿಂತು, ಬಹಳ ಸಂಕೋಚದಿಂದ, ಮೂಗು ಕೊಡು ಎಂದು ಕೇಳಿಕೊಂಡೆ. ಪಕ್ಕದಲ್ಲಿ ಗಿರಿಜೆ ನನಗಿಂತ ಹೆಚ್ಚು ಹೊತ್ತು ಕಣ್ಣು ಮುಚ್ಚಿ ನಿಂತಿದ್ದಳು. ನನಗಾಗಿ ಇಷ್ಟೊಂದು ಬೇಡಿಕೊಳ್ಳುತ್ತಿದ್ದಾಳಲ್ಲ ಎಂದು ನನ್ನ ಮನಸ್ಸು ತುಂಬಿ ಬಂತು.

ಹರಿಹರಕ್ಕೆ ಮರಳುವ ಬಸ್ಸಿನಲ್ಲಿ ಪುಣ್ಯಕ್ಕೆ ಇಬ್ಬರಿಗೂ ಸೀಟು ಸಿಕ್ಕಿತ್ತು. "ಏನು ಕೇಳ್ಕೊಂಡೆ ಅಷ್ಟು ಹೊತ್ತು?" ಎಂದೆ.

ಅವಳು ಕಿಟಕಿಯಾಚೆ ಭತ್ತದ ಗದ್ದೆಗಳನ್ನು ನೋಡುತ್ತ, "ದೇವಸ್ಥಾನದಾಗೆ ಸುಳ್ಳು ಹೇಳಬಾರ್ದು. ಮೂಗು ಬರ್ಲಿ ಅಂತ್ಲೇ ಕೇಳ್ಕಂಡೆ," ಎಂದಳು. ಬಸ್ಸು ಒಂದು ತಿರುವು ದಾಟಿತು. "ಆದ್ರೆ ನಿಧಾನಕ್ಕೆ ಬರ್ಲಿ ಅಂದೆ."

ನಾನು ನಗಲಿಲ್ಲ. ನಗುವ ಮಾತೇ ಆಗಿದ್ದರೂ ಅದನ್ನು ಹೇಳಿದ ಮುಖದಲ್ಲಿ ನಗು ಇರಲಿಲ್ಲ. "ಬಂದ್ರೂ ನೀನು ಹಚ್ಚೋದು ಬಿಡಬಾರದು," ಎಂದೆ.

"ಈಗ ಹಂಗಂತೀರಿ."

"ಆಣೆ ಮಾಡ್ಲಾ?"

"ಬ್ಯಾಡ್ರಿ. ಅಜ್ಜಯ್ಯನ ಊರು ಇನ್ನಾ ಭಾಳ ದೂರ ಹೋಗಿಲ್ಲ. ನಂಗೇನು ಸಾಲ್ಯಾಗೆ ಹಚ್ಕಳಾದು ರೂಢಿ ಐತೆ."

ಸಂಕ್ರಾಂತಿ ಕಳೆದು ನಾಲ್ಕನೆಯ ದಿನ. ಸಂಜೆ ಐದೂವರೆಯ ಸುಮಾರು, ಬಾಗಿಲಿಗೆ ಬೆನ್ನು ಮಾಡಿ ಕೂತು ಪತ್ರಿಕೆಯಲ್ಲಿ ಈರುಳ್ಳಿಯ ಬಗ್ಗೆ ಏನೋ ಓದುತ್ತಿದ್ದೆ. "ಇವತ್ತು ಬೇಗ ಬಂದ್ಯಲ್ಲ," ಎಂದೆ. "ಬಸ್ ಜಲ್ದಿ ಸಿಕ್ತು," ಎಂದು ಗಿರಿಜೆ ಚಪ್ಪಲಿ ಬಿಟ್ಟು ಒಳಗೆ ಹೋದಳು. ಒಂದು ಸಾಲು ಮುಂದೆ ಓದಿದ ಮೇಲೆ ನನ್ನ ಕಣ್ಣು ನಿಂತಿತು. ಬಾಗಿಲು ತೆರೆದೇ ಇತ್ತು, ಅವಳು ಮಾತಾಡಿರಲಿಲ್ಲ, ಬಳೆಯ ಸದ್ದೂ ಆಗಿರಲಿಲ್ಲ. ಬಂದವಳು ಗಿರಿಜೆ ಎಂದು ನನಗೆ ಹೇಗೆ ತಿಳಿಯಿತು? ಗಾಳಿಯನ್ನು ಮೆಲ್ಲಗೆ, ಹೆದರಿ ಹೆದರಿ ಒಳಗೆಳೆದುಕೊಂಡೆ. ಇತ್ತು. ಬೆಳಿಗ್ಗೆ ಹಚ್ಚಿದ ಮುಲಾಮು ದಿನವೆಲ್ಲ ಸೀರೆಯಲ್ಲಿ ಉಳಿದು ಸಂಜೆಗೆ ಎಷ್ಟಿರುತ್ತದೋ ಅಷ್ಟು, ಒಂದು ದಾರದೆಳೆಯಷ್ಟು. ಹರಿಹರದ ಮೆಟ್ಟಿಲ ಮೇಲೆ ನಿಂತವನ ಹಾಗೆ ಅಲ್ಲೇ ಕೂತಿದ್ದೆ. ಈರುಳ್ಳಿಯ ಸುದ್ದಿಯ ಅಕ್ಷರಗಳೆಲ್ಲ ಕಲಸಿಹೋದವು.

ಗಿರಿಜೆಗೆ ಹೇಳಲಿಲ್ಲ. ಹೇಳಿದರೆ ಮರುದಿನವೇ ಆ ಡಬ್ಬಿ ಹರಿಹರದ ಶಾಲೆಗೆ ಹೋಗುತ್ತದೆ ಎಂಬ ಹೆದರಿಕೆ. ಬೆಳಿಗ್ಗೆ ಸಂಜೆ ಅಭ್ಯಾಸಕ್ಕೆ ಕೂತು, ಲವಂಗ ನೆತ್ತಿಗೇರುತ್ತಿದ್ದರೂ ಕಲ್ಲಿನಂಥ ಮುಖ ಮಾಡಿ, "ಊಹೂಂ, ಏನೂ ಇಲ್ಲ" ಎನ್ನುತ್ತಿದ್ದೆ. ಬಸಣ್ಣನಿಗೆ ಮಾತ್ರ ಹೇಳಿದೆ. ಆತ ತನ್ನ ಕೆಮ್ಮಿಗೆ ಇನ್ನು ಕೆಲಸವಿಲ್ಲ ಎಂದು ಸ್ವಲ್ಪ ಮಂಕಾದಂತೆ ಕಂಡ. ಮೊದಲ ವಾರವೆಲ್ಲ ನಾನು ಹಬ್ಬದ ಮನೆಯಲ್ಲಿದ್ದ ಹಾಗಿದ್ದೆ. ಗಿರಿಜೆ ಡಬ್ಬಿ ತೆಗೆದರೆ ಏನಾದರೂ ನೆಪ ಮಾಡಿ ಅದೇ ಕೋಣೆಯಲ್ಲಿ ಸುಳಿಯುತ್ತಿದ್ದೆ. ಎರಡನೆಯ ವಾರ ವಾಸನೆ ಬಲಿಯಿತು. ಅಥವಾ ಗಿರಿಜೆಯ ಕೈ ಧಾರಾಳವಾಯಿತೋ, ಆಗ ತಿಳಿಯಲಿಲ್ಲ. ಮೂರನೆಯ ವಾರದ ಹೊತ್ತಿಗೆ ಹೊದಿಕೆ, ದಿಂಬು, ಚಹಾದ ಲೋಟ, ನನ್ನ ದಿನಪತ್ರಿಕೆ ಎಲ್ಲವೂ ಘಮಘಮ ಎನ್ನತೊಡಗಿ ನನಗೆ ಹಣೆಯ ಎರಡೂ ಬದಿ ಸಿಡಿಯಲು ಶುರುವಾಯಿತು. ಹತ್ತು ತಿಂಗಳು ಯಾವುದಕ್ಕಾಗಿ ಹಂಬಲಿಸಿದೆನೋ, ಯಾವುದಕ್ಕಾಗಿ ಹೊಳೆಯಲ್ಲಿ ಮುಳುಗಿದೆನೋ ಅದು ಬಂದು ಇಪ್ಪತ್ತು ದಿನವಾಗಿರಲಿಲ್ಲ, ನನ್ನ ನಾಲಿಗೆಯ ತುದಿಯಲ್ಲಿ ಒಂದು ಹೊಸ ಹಾಸ್ಯದ ಮಾತು ಸಿದ್ಧವಾಗಿ ಕೂತಿತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ. ಕಚ್ಚಿ ನುಂಗಿದೆ. ನುಂಗಿ, ಎದ್ದು ಹೋಗಿ ಕಿಟಕಿ ತೆಗೆದೆ.

"ಯಾಕ್ರಿ?" ಎಂದಳು ಗಿರಿಜೆ, ಹಾಸಿಗೆಯ ಅಂಚಿನಿಂದ.

"ಸೆಖೆ," ಎಂದೆ.

ಆಗ ಚಳಿ ಇನ್ನೂ ಹೋಗಿರಲಿಲ್ಲ. ನನ್ನ ಕುತ್ತಿಗೆಗೆ ಮಫ್ಲರ್ ಇತ್ತು. ಗಿರಿಜೆ ಮಫ್ಲರನ್ನು ನೋಡಿದಳು, ನನ್ನನ್ನು ನೋಡಿದಳು, ಡಬ್ಬಿಯ ಮುಚ್ಚಳ ಹಾಕಿದಳು. "ಹತ್ತೊಂಬತ್ತು ದಿನ ಆತು," ಎಂದಳು. "ಚೆನ್ನಾಗೇ ತಡ್ಕಂಡ್ರಿ. ನಾನು ಒಂದು ವಾರ ಅನ್ಕಂಡಿದ್ದೆ."

"ನಿಂಗೆ ಗೊತ್ತಿತ್ತಾ?"

"ನಾನು ಬಾಗ್ಲಾಗೆ ಸುಮ್ನೆ ನಿಂ‌ತಿದ್ದೆ. ನೀವು ತಿರುಗಿ ನೋಡ್ದಲೇ ಬೇಗ ಬಂದ್ಯಲ್ಲ ಅಂದ್ರಿ. ಇಷ್ಟು ತಿಂಗಳು ನಾನು ಎದುರಿಗೆ ಬಂದು ನಿಂತ ಮ್ಯಾಲೆ ಬೆಚ್ಚಿ ಬೀಳ್ತಿದ್ರಲ್ಲ, ಅಷ್ಟು ತಿಳಿಯಲ್ವಾ ನಂಗೆ?" ಅವಳ ದನಿ ಮೆತ್ತಗಿತ್ತು. "ಗೊತ್ತಿದ್ದೇ ಹಚ್ಚಿದೆ. ಯಾವತ್ತು ಬಾಯಿ ಬಿಡ್ತೀರಿ ನೋಡಾನ ಅಂತ."

ನಾನು ನಾಚಿಕೆಯಿಂದ ಕಿಟಕಿ ಮುಚ್ಚಲು ಹೋದೆ. "ಅರ್ಧ ತೆಗ್ದಿರ್ಲಿ," ಎಂದಳು. "ನಂಗೂ ತಲೆ ಹಿಡೀತೈತೆ."

"ನಿಂಗೆ?"

"ಮತ್ತೆ? ಇದ್ರ ವಾಸ್ನೆ ನಂಗೆ ಭಾಳ ಪ್ರೀತಿ ಅಂತ ಮಾಡಿದ್ರೇನು? ಮೊದ್ಲಿಂದ್ಲೂ ಆಗಲ್ಲ ನಂಗೆ. ನೋವಿಗೆ ಹಚ್ತೀನಿ ಅಷ್ಟೆ."

ಕಿಟಕಿಯ ಚಿಲಕ ಹಿಡಿದೇ ನಿಂತಿದ್ದೆ. ಇಪ್ಪತ್ತಾರು ವರ್ಷದಲ್ಲಿ ಆ ವಾಸನೆಯನ್ನು ಬೈದದ್ದೂ ನಾನೇ, ಆಡಿಕೊಂಡದ್ದೂ ನಾನೇ, ಕೊನೆಗೆ ಅದಕ್ಕಾಗಿ ಕೊರಗಿದ್ದೂ ನಾನೇ. ನಿನಗೆ ಹೇಗನ್ನಿಸುತ್ತದೆ ಎಂದು ಅವಳನ್ನು ಒಂದು ಸಲವೂ ಕೇಳಿರಲಿಲ್ಲ. ಅವಳ ಕೈಯಿಂದ ಡಬ್ಬಿ ತೆಗೆದುಕೊಂಡು ನೆಲದ ಮೇಲೆ ಕೂತೆ. ಕಾಲು ಚಾಚು ಎಂದೆ. ಅವಳು, "ಏನ್ ಬಂತು ನಿಮಗೆ, ಏಳ್ರಿ" ಎಂದು ಸಂಕೋಚಪಟ್ಟು ಆಮೇಲೆ ಎರಡೂ ಕಾಲು ಚಾಚಿದಳು. ಎರಡು ಬೆರಳಲ್ಲಿ ಮುಲಾಮು ತೆಗೆದು, ಪ್ರಯೋಗಾಲಯದಲ್ಲಿ ಮಕ್ಕಳಿಗೆ ಹೇಳಿಕೊಡುವಷ್ಟು ಜೋಪಾನವಾಗಿ, ನನ್ನ ಹತ್ತಿರವಿದ್ದ ಮಂಡಿಯ ಚಿಪ್ಪಿನ ಸುತ್ತ ಮೆಲ್ಲಗೆ ತಿಕ್ಕಿದೆ. ಘಾಟಿಗೆ ನನ್ನ ಕಣ್ಣು ತುಂಬಿ ಹರಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಗಿರಿಜೆ ನನ್ನ ಕೈಯನ್ನೇ ನೋಡುತ್ತಿದ್ದಳು.

"ಚೆಂದ ಹಚ್ತೀರಿ," ಎಂದಳು ಕೊನೆಗೆ. "ಆದ್ರೆ ನೋಯಾದು ಈ ಕಾಲಲ್ರಿ."